ಒಲೆಗೊಂದು ಬೆರಳು ಹೆಚ್ಚು

ಗುಬ್ಬಿಯಿಂದ ಚೇಳೂರಿನ ಕಡೆಗೆ ಹೋಗುವ ದಾರಿಯಲ್ಲಿ ಕದರಯ್ಯನವರ ಮನೆ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಹೊಗೆಯಿಲ್ಲದ ಒಲೆ ಕಟ್ಟಿಕೊಡುವ ಚಿಕ್ಕಮಾರಮ್ಮ ಅಡಿಗೆಮನೆಯ ಮೂಲೆಯಲ್ಲಿ ಕೂತು ಹಳೆಯ ಒಲೆಯನ್ನು ಹಾರೆಯಿಂದ ಮೆಲ್ಲಗೆ ಎಬ್ಬಿಸುತ್ತಿದ್ದಾರೆ. ಅಂಗಳದಲ್ಲಿ ಅವರೇ ತುಳಿದು ಹದ ಮಾಡಿದ ಮಣ್ಣಿದೆ. ಕೆರೆಮಣ್ಣು, ಸೆಗಣಿ, ಸಣ್ಣಗೆ ಕೊಚ್ಚಿದ ರಾಗಿಹುಲ್ಲು. ಬೆಳಗಿನ ಬೆಂಕಿ ಹೊತ್ತಿಸುವ ಮೊದಲೇ ಹಳೆಯ ಒಲೆ ಕೀಳಬೇಕು, ಹೊತ್ತಿಸಿದ ಮೇಲೆ ಕಿತ್ತರೆ ಮನೆಯವರಿಗೆ ಸಮಾಧಾನವಿಲ್ಲ. ಮಂಗಳವಾರ, ಶುಕ್ರವಾರ ಒಲೆ ಮುಟ್ಟುವಂತೆಯೇ ಇಲ್ಲ. ಹಾಗಾಗಿ ವಾರಕ್ಕೆ ಐದು ದಿನ, ದಿನಕ್ಕೊಂದು ಒಲೆ.

ಸೌದೆ ಉಳಿಯಲಿ ಎಂದು ಸರ್ಕಾರ ಈಗ ಹಳ್ಳಿಹಳ್ಳಿಗೂ ಗೋಬರ್ ಗ್ಯಾಸು, ಹೊಗೆಯಿಲ್ಲದ ಒಲೆ ತಲುಪಿಸುತ್ತಿದೆ. ಎಷ್ಟು ಸೌದೆ ಉಳಿಯಿತೆಂಬ ಲೆಕ್ಕ ಕಚೇರಿಗಳಲ್ಲಿ ಸಿಗುತ್ತದೆ. ಅದರಿಂದ ಯಾರ ಕೈಗೆ ಕೆಲಸ ಬಂತೆಂದು ಕೇಳಿದವರು ಕಡಿಮೆ. ನಲವತ್ತಮೂರರ ಚಿಕ್ಕಮಾರಮ್ಮ ಹಿಂದೆ ಸೌದೆ ಹೊರುತ್ತಿದ್ದವರು. ದಿನಾ ಒಂಬತ್ತು ಮೈಲಿ ನಡೆದು ಗುಬ್ಬಿಯ ಹೋಟೆಲುಗಳಿಗೆ ಹೊರೆ ಹಾಕುತ್ತಿದ್ದರು. ಎಂಬತ್ತನಾಲ್ಕರಲ್ಲಿ ತುಮಕೂರಿನಲ್ಲಿ ಈ ಒಲೆ ಕಟ್ಟಲು ಹತ್ತು ದಿನದ ತರಬೇತಿ ಎಂದಾಗ, ಊಟ ಕೊಡುತ್ತಾರೆಂದೇ ಹೋದೆ ಎನ್ನುತ್ತಾರೆ. ವಾಪಸು ಬಂದಾಗ ಜೊತೆಯ ಸೌದೆಯವಳೊಬ್ಬಳು ಸಂತೆಯಲ್ಲೇ ಹಂಗಿಸಿದಳು: "ನಮ್ ತಲೆ ಮ್ಯಾಲಿನ್ ಹೊರೆ ಇಳ್ಸಕ್ಕೆ ಹೊಂಟವ್ಳೆ ಮಾರಾಯ್ತಿ. ಹಂಗೇ ಹೊಟ್ಟೆಗೂ ನೀನೇ ಇಕ್ಕು."

ಮೊದಲ ವರ್ಷ ಕಟ್ಟಿದ ಮೂವತ್ತು ಒಲೆಗಳು ಕಲಿಸಿದ ಅಳತೆಯಲ್ಲೇ ಇದ್ದವು. ಎಂಟು ತಿಂಗಳಿಗೆ ಒಂದೊಂದೇ ಹೊಗೆ ಕಾರತೊಡಗಿದವು. ಬೈಗುಳವೆಲ್ಲ ಕಟ್ಟಿದವರಿಗೆ. ಮನೆಮನೆಗೆ ಹೋಗಿ ನೋಡಿದಾಗ ಕಾರಣ ಕಂಡಿತು. ನಮ್ಮ ಹೆಂಗಸರು ದಿನಾ ಬೆಳಿಗ್ಗೆ ಸೆಗಣಿ, ಕೆಮ್ಮಣ್ಣು ಬಳಿದು ಒಲೆ ಸಾರಿಸುತ್ತಾರೆ. ಪದರದ ಮೇಲೆ ಪದರ ಕೂತು, ಉರಿಗೆ ಗಾಳಿ ಕೊಡುವ ಕೆಳಗಿನ ಕಿಂಡಿ ಮುಚ್ಚಿಕೊಂಡು ಬಂದಿತ್ತು. ಸಾರಿಸಬೇಡಿ ಎಂದರೆ ಯಾರೂ ಒಪ್ಪಲಿಲ್ಲ. ತಮ್ಮ ಮನೆಯ ಒಲೆಯನ್ನೂ ಸಾರಿಸದೆ ಬಿಡಲು ಚಿಕ್ಕಮಾರಮ್ಮನವರಿಗೆ ಆಗಲಿಲ್ಲ. ಅಂದಿನಿಂದ ಕಿಂಡಿಯನ್ನು ಅಳತೆಗಿಂತ ಒಂದು ಬೆರಳು ಅಗಲ ಬಿಡುತ್ತಾರೆ. ಹಾಗೆ ಕಟ್ಟಿದವು ನಾನೂರು ದಾಟಿವೆ. ಹೊಗೆಯ ದೂರು ಬಂದಿಲ್ಲ.

ದೂರು ಬಂದದ್ದು ಬೇರೆ ಕಡೆಯಿಂದ. ಹೋದ ತಿಂಗಳು ತನಿಖೆಗೆ ಬಂದ ಕಿರಿಯ ಎಂಜಿನಿಯರ್ ಪಟ್ಟಾಭಿರಾಮ ಅವರ ಕೈಯಲ್ಲಿ ಕಿಂಡಿಯ ಅಳತೆಯ ಮರದ ತುಂಡಿತ್ತು. ನಾಲ್ಕು ಹೊಸ ಒಲೆಗಳಲ್ಲಿ ಅದು ಸಡಿಲವಾಗಿ ಆಡಿತು. ನಾಲ್ಕೂ ತಿರಸ್ಕೃತ. ಐದನೆಯದೂ ಹಾಗಾದರೆ ಒಲೆ ಕಟ್ಟುವವರ ಪಟ್ಟಿಯಿಂದ ಹೆಸರು ಹೋಗುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಕೆಲಸವಿಲ್ಲ.

ಚಿಕ್ಕಮಾರಮ್ಮ ವಾದ ಮಾಡಲಿಲ್ಲ. "ಸ್ವಾಮಿ, ಹೋದ್ ವರ್ಷದ್ ಒಲೆಗೆ ಒಂದ್ಸಲ ಅದನ್ನ ಇಟ್ ನೋಡಿ" ಎಂದರು.

ಅದೇ ಬೀದಿಯ ಒಂದು ಮನೆಗೆ ಕರೆದುಕೊಂಡು ಹೋದರು. ಅಲ್ಲಿ ಮರದ ತುಂಡು ಕಿಂಡಿಯೊಳಗೆ ಬಿಗಿಯಾಗಿ, ಸರಿಯಾಗಿ ಕೂತಿತು. ಪಟ್ಟಾಭಿರಾಮ ಉಗುರಿನಿಂದ ಅಂಚು ಕೆರೆದು ಪದರಗಳನ್ನು ನೋಡಿದರಂತೆ. ಆಮೇಲೆ, "ನೀವ್ ಹೇಳೋದು ಸರಿ ಕಣಮ್ಮ. ಆದ್ರೆ ಅಳತೆ ಬದಲಾಯ್ಸೋ ಅಧಿಕಾರ ನಂಗಿಲ್ಲ. ಮೇಲಿನವ್ರಿಗೆ ಬರೀತೀನಿ. ಉತ್ತರ ಬರೋವರ್ಗೂ ಅಳತೆಗೇ ಕಟ್ಟಿ" ಎಂದರು. ಬರೆದೂ ಬರೆದಿದ್ದಾರೆ. ಉತ್ತರ ಬಂದಿಲ್ಲ. ಮುಂದಿನ ತನಿಖೆ ಈ ತಿಂಗಳ ಕೊನೆಗೆ.

ಕದರಯ್ಯನವರ ಮನೆಯಲ್ಲಿ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಒಲೆಗೆ ಆಕಾರ ಬಂದಿದೆ. ಮನೆಯ ಅಜ್ಜಿ ಬಾಗಿಲಲ್ಲಿ ಕೂತು, ಇದನ್ನೂ ಸಾರಿಸಬಾರದೇನೋ ಎಂದು ಕೆಣಕುತ್ತಾರೆ.

"ಸಾರ್ಸ್ಕೊ ತಾಯಿ. ನಿನ್ ಸೊಸೆ ಎಷ್ಟ್ ದಪ್ಪ ಬಳದ್ರೂ, ವರ್ಷ ಕಳದ್ರೂ ಕಿಂಡಿ ಮುಚ್ಚಲ್ಲ."

ಸೊಸೆ ಸೆರಗು ಬಾಯಿಗೆ ಒತ್ತಿ ನಗುತ್ತಾಳೆ. ಚಿಕ್ಕಮಾರಮ್ಮ ಹಸಿ ಮಣ್ಣಿನಲ್ಲಿ ಕಿಂಡಿ ಕೊರೆಯುತ್ತಾರೆ. ಅಳತೆ ನೋಡುತ್ತಾರೆ. ಪಕ್ಕದಲ್ಲಿ ಬೆರಳಿಟ್ಟು ಅಷ್ಟೇ ಅಗಲಕ್ಕೆ ಮತ್ತೆ ಮಣ್ಣು ತೆಗೆಯುತ್ತಾರೆ. ಇದು ಐದನೆಯದಾಗಬಹುದು ಎಂಬುದು ಅವರಿಗೆ ಗೊತ್ತಿಲ್ಲದ್ದೇನಲ್ಲ.

ಹೆಸರು ಹೊಡೆದುಹಾಕಿದರೆ ಏನು ಮಾಡುತ್ತೀರಿ ಎಂದು ಕೇಳಿದರೆ ಅವರು ಕೈಯ ಮಣ್ಣು ಒರೆಸಿಕೊಳ್ಳುತ್ತಾರೆ.

"ಸೌದೆ ಹೊರೋದೇನ್ ಮರ್ತಿಲ್ಲ ಕಣಪ್ಪ, ಹೊರ್ತೀನಿ. ಹೊಗೆ ಬತ್ತದೆ ಅಂತ ಗೊತ್ತಿದ್ದೂ ಕಟ್ಟಕ್ಕೆ ಮಾತ್ರ ಕೈ ಬರಲ್ಲ."