ಟೇಪಿನ ಅಜ್ಮತ್ ಸಾಹೇಬರು
ಬದನಗುಪ್ಪೆಯ ನೂಲಿನ ಕಾರ್ಖಾನೆಯಲ್ಲಿ ಹಳೆಯ ಕಂಪ್ಯೂಟರಿನ ಮಾಹಿತಿಯನ್ನು ಹೊಸದಕ್ಕೆ ಸಾಗಿಸುವ ಕೆಲಸ ಅಜ್ಮತ್ ಉಲ್ಲಾ ಸಾಹೇಬರದು. ಹಳೆಯದಕ್ಕೆ ಮಾಹಿತಿಯನ್ನು ಕ್ಯಾಸೆಟ್ಟಿನಂಥ ಸುರುಳಿ ಟೇಪಿನ ಮೇಲೆ ಬರೆಯುವುದಷ್ಟೇ ಗೊತ್ತು. ಟೇಪೇ ಸಿಗದ ಈ ಕಾಲದಲ್ಲಿ ಸಾಹೇಬರು ಹೊಸ ಕಂಪ್ಯೂಟರಿನ ಒಂದು ಫೈಲನ್ನೇ ಟೇಪೆಂದು ಅದಕ್ಕೆ ನಂಬಿಸಿ ಬರೆಸಿಕೊಳ್ಳುತ್ತಾರೆ. ನಂಬಿಸಿ ನಂಬಿಸಿ ಈಗ ತಾವೂ ನಂಬಿಬಿಟ್ಟಿದ್ದಾರೆ. "ಟೇಪು ಓಡ್ತಾ ಅದೆ, ಬಾಗಿಲು ಮೆಲ್ಲಗೆ ಹಾಕ್ರಪ್ಪ" ಎಂದು ಗದರುತ್ತಾರೆ. ಯಾರಾದರೂ ಟೀ ಲೋಟ ಹಿಡಿದು ಬಂದರೆ ಎದ್ದು ಅಡ್ಡ ನಿಲ್ಲುತ್ತಾರೆ. ಕೆಲಸ ಮುಗಿದ ಮೇಲೆ, ಟೇಪು ಬಿಸಿಯಾಗಿರುತ್ತದೆಂದು ಫ್ಯಾನು ಜೋರು ಮಾಡುತ್ತಾರೆ. ಹಳೆಯ ಯಂತ್ರ ಗುಜರಿಗೆ ಹೊರಟಾಗ ಮ್ಯಾನೇಜರ್ ಶಿವಸ್ವಾಮಿ, "ಈಗ ಕೆಲ್ಸದಲ್ಲಿರೋರ ಹೆಸ್ರು ಸಾಕು, ರಿಟೈರಾದೋರು ಯಾಕೆ?" ಎಂದರು. ಸಾಹೇಬರು ಕೇಳಿಸದವರಂತೆ ಎಲ್ಲರನ್ನೂ ಸಾಗಿಸಿದರು. ಗುಮಾಸ್ತೆ ಕುಮಾರಿ ಹೊಸ ಕಂಪ್ಯೂಟರಿನಲ್ಲಿ ಸುಮ್ಮನೆ, ಇದೇ ಕಾರ್ಖಾನೆಯಲ್ಲಿ ದುಡಿದು ರಿಟೈರಾದ ತನ್ನ ತಾಯಿಯ ಹೆಸರು ಒತ್ತಿ ನೋಡಿದಳು. ಮೂಗಮ್ಮ, ನೂಲು ಸುತ್ತುವ ವಿಭಾಗ ಎಂದು ತೆರೆಯ ಮೇಲೆ ಮೂಡಿತು. "ಸಾ, ನಮ್ಮವ್ವನ್ನೂ ಕರ್ಕೊಂಡು ಬಂದ್ಬುಟ್ರಾ?" ಎಂದಳು. "ಮನೆ ಬದಲಾಯಿಸುವಾಗ ದೊಡ್ಡವರನ್ನ ಬಿಟ್ಟು ಬರ್ತೀವೇನಮ್ಮ?" ಎಂದು ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. ಅಷ್ಟರಲ್ಲಿ ಕುಮಾರಿ ಕುದೇರಿನ ಮನೆಯಲ್ಲಿದ್ದ ತಾಯಿಗೆ ಫೋನ್ ಮಾಡಿ ನಗುತ್ತಿದ್ದಳು: "ಅವ್ವಾ, ನೀನಿನ್ನೂ ಫ್ಯಾಕ್ಟ್ರೀಲೇ ಇದ್ದೀಯ ಕಣವ್ವ!"