ಹಿರಿಯರ ಮುಂದೆ ಇಳಿಯುವ ಕಾಲು

ಅರವತ್ತು ದಾಟಿದ ಹೆಂಗಸೊಬ್ಬಳು ಬೆಟಗೇರಿಯ ರಸ್ತೆಯಲ್ಲಿ, ಯಾರೂ ದೂಡದೆ, ಯಾವ ವಾಹನವೂ ತಾಕದೆ, ಸೈಕಲ್ಲಿನ ಸಮೇತ ಎಡಕ್ಕೆ ಉರುಳಿಬಿದ್ದರೆ ನೋಡಿದವರು ಏನು ಮಾಡಬೇಕು? ಎತ್ತಬೇಕು. ನಾನು ಹಾಗೆ ಬಿದ್ದಾಗ ಎದುರಿಗಿದ್ದ ನಿವೃತ್ತ ಮುಖ್ಯೋಪಾಧ್ಯಾಯರು ಮೊದಲು ನಕ್ಕರು, ಆಮೇಲೆ ಎತ್ತಿದರು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಾನು ಮರೆತಿಲ್ಲ.

"ಏನ್ರೀ ಬಾಯಾರ, ನಡುರಸ್ತೆದಾಗ ಸಾಷ್ಟಾಂಗ ಹಾಕಾಕ ಹತ್ತೀರಿ?" ಎಂದರು.

"ನಿಮಗಲ್ರಿ ಸರ, ಭೂಮಿತಾಯಿಗೆ" ಎಂದೆ. ಆದರೆ ಮೊಣಕೈ ಉರಿಯುತ್ತಿತ್ತು. ಮೊಣಕೈಗಿಂತ ಹೆಚ್ಚು ಮನಸ್ಸು ಉರಿಯುತ್ತಿತ್ತು.

ಆ ದಿನ ನನ್ನ ಕಾಲಿನಲ್ಲಿದ್ದದ್ದು ಹೊಸ ಬಗೆಯ ಬೂಟು. ಅದರ ಅಡಿಭಾಗದಲ್ಲಿ ಒಂದು ಗಟ್ಟಿ ಕೊಂಡಿಯಿರುತ್ತದೆ. ಸವಾರರು ಅದನ್ನು ಕ್ಲೀಟ್ ಎನ್ನುತ್ತಾರೆ. ಮುಂಗಾಲನ್ನು ಪೆಡಲಿನ ಮೇಲಿಟ್ಟು ಒತ್ತಿದರೆ 'ಟಕ್' ಎಂದು ಬೂಟು ಪೆಡಲಿಗೆ ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಗಡೆಗೆ ತಿರುಗಿಸಬೇಕು. ಕಾಲನ್ನು ಮೇಲಕ್ಕೆತ್ತಿದರೆ ಅದು ಬಿಡುವುದಿಲ್ಲ. ಇಷ್ಟನ್ನು ತಿಳಿಯಲು ದೊಡ್ಡ ವಿದ್ಯೆ ಬೇಕಿಲ್ಲ. ನನಗೆ ಮೊದಲ ದಿನವೇ ತಿಳಿದಿತ್ತು. ತಿಳಿದೂ ಬೀಳುತ್ತಿದ್ದೆ ಎಂಬುದೇ ನನ್ನ ಸಿಟ್ಟಿನ ಮೂಲ.

ಈ ಬೂಟಿನ ಹುಚ್ಚು ನನಗೆ ತಾನಾಗಿ ಹತ್ತಿದ್ದಲ್ಲ. ಶಿಕ್ಷಕಿಯ ಕೆಲಸದಿಂದ ನಿವೃತ್ತಳಾದ ಮೇಲೆ ಮೊಣಕಾಲಿನ ನೋವಿಗೆಂದು ಮತ್ತೆ ಸೈಕಲ್ ತುಳಿಯತೊಡಗಿದ್ದೆ. ನನ್ನ ಕೊನೆಯ ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಿದ್ದ ಮುಂಡರಗಿಯ ತರುಣಿ ಹಿಂದೆ ಸೈಕಲ್ ಪಂದ್ಯಗಳಲ್ಲಿ ಸ್ಪರ್ಧಿಸಿದವಳು; ಭಾನುವಾರ ಬೆಳಿಗ್ಗೆ ನನ್ನ ಜೊತೆಗೆ ಬರುತ್ತಿದ್ದಳು. ಒಮ್ಮೆ ಅವಳೂರಿನ ದಾರಿಯಲ್ಲಿ, ಗುಡ್ಡದ ಮೇಲಿನ ಗಾಳಿಯಂತ್ರಗಳೆಲ್ಲ ರೊಯ್ಯನೆ ತಿರುಗುತ್ತಿದ್ದ ಎದುರುಗಾಳಿಯಲ್ಲಿ, ನನ್ನ ಎಡಪಾದ ಮತ್ತೆ ಮತ್ತೆ ಪೆಡಲಿನಿಂದ ಜಾರಿತು. ಅದು ಎಳೆಯ ವಯಸ್ಸಿನಲ್ಲಿ ಉಳುಕಿದ ಪಾದ. "ಅಕ್ಕೋರ, ನೀವು ಕ್ಲೀಟ್ ಹಾಕ್ಕೋರಿ, ಕಾಲು ಎಲ್ಲಿಗೂ ಹೋಗಂಗಿಲ್ಲ" ಎಂದವಳು ಅವಳೇ. ಹುಬ್ಬಳ್ಳಿಯ ಅಂಗಡಿಗೂ ಅವಳೇ ಕರೆದೊಯ್ದಳು. ಅಂಗಡಿಯವನು ನನ್ನನ್ನು ನೋಡಿ, "ಮಗನ ಸೈಜ್ ಎಷ್ಟ್ರೀ ಅಮ್ಮಾ?" ಎಂದ. ನಾನು ಚಪ್ಪಲಿ ಬಿಟ್ಟು ನನ್ನ ಪಾದವನ್ನೇ ಅವನ ಅಳತೆಯ ಹಲಗೆಯ ಮೇಲಿಟ್ಟೆ. ಅವನು ಬಗ್ಗಿ ಅಳೆದ.

ಬಿದ್ದ ಪ್ರಸಂಗಗಳನ್ನು ನಾನು ಒಂದೊಂದಾಗಿ ತೂಗಿ ನೋಡಿದೆ. ರೈಲ್ವೆ ಗೇಟಿನಲ್ಲಿ ಬೀಳಲಿಲ್ಲ. ಎಮ್ಮೆಗಳ ಹಿಂಡು ಅಡ್ಡ ಬಂದಾಗ ಬೀಳಲಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗಲೂ ಬೀಳಲಿಲ್ಲ. ಬಿದ್ದದ್ದು ಮುಖ್ಯೋಪಾಧ್ಯಾಯರ ಮುಂದೆ. ಬಿಂಕದಕಟ್ಟಿಯಲ್ಲಿ ಬಸ್ಸಿಗೆ ಕಾಯುತ್ತಿದ್ದ, ನನಗೆ ಗುರುತೇ ಇಲ್ಲದ, ಬಿಳಿ ರುಮಾಲಿನ ಅಜ್ಜನ ಮುಂದೆ. ಮತ್ತು ನನ್ನ ಅತ್ತೆಯವರ ದೂರದ ಅಕ್ಕನೊಬ್ಬರು ಬಾಗಿಲಲ್ಲಿ ನಿಂತು ಅಕ್ಕಿ ಆರಿಸುತ್ತಿದ್ದಾಗ ಅವರ ಮುಂದೆ. ನಾನು ಇದನ್ನೆಲ್ಲ ದೂರಿನಂತೆ ಹೇಳುತ್ತಿರುವಾಗಲೇ ಆ ತರುಣಿ ರಸ್ತೆಯ ಬದಿಯಲ್ಲಿ ಕುಳಿತು ನಗತೊಡಗಿದಳು.

"ಅಕ್ಕೋರ, ನೀವು ಬ್ರೇಕ್ ಹಾಕಿ ಬೀಳಾಕ ಹತ್ತಿಲ್ರಿ. ಹಿರ್‍ಯಾರನ್ನ ನೋಡಿ ಬೀಳಾಕ ಹತ್ತೀರಿ!"

ನಗುವಂಥ ಮಾತೇನಿದೆ ಎಂದು ಗದರಿದೆ. ಆದರೆ ಅದು ಖರೆಯ ಮಾತಾಗಿತ್ತು. ನಮ್ಮ ಕಡೆ ಒಂದು ರೂಢಿಯಿದೆ, ಅಥವಾ ಇತ್ತು: ಕಟ್ಟೆಯ ಮೇಲೆ ಹಿರಿಯರು ಕುಳಿತಿದ್ದರೆ ಸೈಕಲ್ಲಿನ ಮೇಲೆ ಕುಳಿತು ಹಾದುಹೋಗಬಾರದು. ಇಳಿಯಬೇಕು, ನಾಲ್ಕು ಹೆಜ್ಜೆ ದೂಡಬೇಕು, ಅವರ ಕಣ್ಣು ದಾಟಿದ ಮೇಲೆ ಹತ್ತಬೇಕು. ಹುಡುಗರು ಅದನ್ನು ಆಟದಂತೆ ಮಾಡುತ್ತಿದ್ದರು. ಇಳಿದಂತೆ ಮಾಡಿ ಒಂಟಿಕಾಲಿನಲ್ಲಿ ಕುಪ್ಪಳಿಸಿ ಮತ್ತೆ ಏರುತ್ತಿದ್ದರು. ನನಗೆ ಅದನ್ನು ಬೇರೆ ರೀತಿಯಲ್ಲಿ ಕಲಿಸಲಾಯಿತು.

ಶಿರಹಟ್ಟಿಯಲ್ಲಿ ನಮ್ಮ ಮನೆ. ನಾನು ಮ್ಯಾಟ್ರಿಕ್ ಓದುತ್ತಿದ್ದೆ. ಅಪ್ಪನ ಸೈಕಲ್ಲನ್ನು ತುಳಿಯಲು ನಾನೇ ಕಲಿತಿದ್ದೆ. ನೇರಳೆ ಬಣ್ಣದ ಲಂಗ, ಎರಡು ಜಡೆ. ನಮ್ಮ ಮನೆಗಿಂತ ಕೆಲವು ಮನೆ ಆಚೆಗೆ ಕಾಕಾ, ಅಂದರೆ ನನ್ನ ಚಿಕ್ಕಪ್ಪ, ತಮ್ಮ ಕಟ್ಟೆಯ ಮೇಲೆ ನಾಲ್ಕಾರು ಜನರನ್ನು ಕೂಡಿಸಿಕೊಂಡು ಎಲೆಯಡಿಕೆ ಹಾಕುತ್ತಿದ್ದರು. ಇಳಿಯಬೇಕೆಂದು ನಾನು ಬ್ರೇಕು ಹಿಡಿಯುವ ಮೊದಲೇ ಅವರು ಕೂಗಿದರು:

"ಇಳೀ ಕೆಳಗ! ಹೆಣ್ಣುಡುಗಿ ಸೈಕಲ್ ಮ್ಯಾಲ ಕುಂತ್ರ ಒಂದಿಲ್ಲ ಒಂದಿನ ಬೀಳಾಕಿನ. ದೂಡ್ಕೊಂಡ ನಡಿ ಮನೀ ತನಕ!"

ಕುಳಿತವರೆಲ್ಲ ನಕ್ಕರು. ಎದುರು ಮನೆಯಲ್ಲಿ ಬೀಸುತ್ತಿದ್ದ ಕಲ್ಲಿನ ಸದ್ದು ನಿಂತಿತು. ಬೀಸುವವರೂ ನೋಡಲು ಬಂದಿದ್ದರು. ನಾನು ತಲೆ ತಗ್ಗಿಸಿ ಮನೆಯ ತನಕ ದೂಡಿದೆ. ಅಂದು ಸಂಜೆಯೇ ಸೈಕಲ್ಲು ನನ್ನ ತಮ್ಮನದಾಯಿತು. ನನಗಿಂತ ಚಿಕ್ಕವನು, ಅವನಿಗೆ ಇನ್ನೂ ಬ್ಯಾಲೆನ್ಸೇ ಬಂದಿರಲಿಲ್ಲ.

ಮುಂದೆ ನೌಕರಿ ಸಿಕ್ಕು ಲಕ್ಷ್ಮೇಶ್ವರದಲ್ಲಿ ಕಲಿಸುತ್ತಿದ್ದಾಗ ನನ್ನ ಸಂಬಳದಲ್ಲಿ ನನ್ನದೇ ಸೈಕಲ್ಲು ಕೊಂಡೆ. ಆಗ ನಮ್ಮದು ಧಾರವಾಡ ಜಿಲ್ಲೆ. ಹೊಸ ಜಿಲ್ಲೆಯಾಯಿತು, ಕಚೇರಿಗಳ ಹಲಗೆಗಳು ಬದಲಾದವು, ನಾನು ಗದಗಿಗೆ ಬಂದೆ. ಆದರೆ ಹಿರಿಯರೊಬ್ಬರು ಕಣ್ಣಿಗೆ ಬಿದ್ದರೆ ಸಾಕು, ಎಡಗಾಲು ನನ್ನನ್ನು ಕೇಳದೆ ಇಳಿಯಲೆಂದು ಪೆಡಲಿನಿಂದ ಮೇಲೇಳುತ್ತಿತ್ತು. ಗೌರವದಿಂದ ಎದ್ದಿದ್ದರೆ ನನ್ನ ತಕರಾರಿರಲಿಲ್ಲ. ಅದು ಏಳುತ್ತಿದ್ದದ್ದು ಹೆದರಿಕೆಯಿಂದ. ಈ ಸಂಗತಿಯನ್ನು ಇಷ್ಟು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹಿಮ್ಮಡಿ ತಿರುಗಿಸದೆ ಬಿಡದ ಒಂದು ಪೆಡಲು ಹೇಳಿತು.

"ನಮಸ್ಕಾರ ಬಾಯಿಲೆ ಹೇಳ್ರಿ ಅಕ್ಕೋರ, ಕಾಲಿಲೆ ಬ್ಯಾಡ" ಎಂದಳು ತರುಣಿ. ನಾವು ಅದನ್ನೇ ಅಭ್ಯಾಸ ಮಾಡಿದೆವು. ಅವಳು ತಲೆಗೆ ಟವೆಲ್ ಸುತ್ತಿಕೊಂಡು, ರಸ್ತೆಯ ಬದಿಯ ಕಲ್ಲಿನ ಮೇಲೆ ಅಜ್ಜನಂತೆ ಕುಳಿತು ಕೆಮ್ಮುವಳು. ನಾನು "ನಮಸ್ಕಾರ್ರಿ" ಎನ್ನುತ್ತ ಹಾದುಹೋಗುವುದು. ಜನ ನಿಂತು ನೋಡಿದರು. ನೋಡಲಿ.

ಆದರೆ ಟವೆಲಿನ ಅಜ್ಜ ಬೇರೆ, ಶಿರಹಟ್ಟಿಯ ಕಾಕಾ ಬೇರೆ. ಅವರು ಇನ್ನೂ ಇದ್ದರು. ಇನ್ನೂ ಅದೇ ಕಟ್ಟೆಯ ಮೇಲೆ ಕುಳಿತುಕೊಳ್ಳುತ್ತಿದ್ದರು. ತವರಿಗೆ ನಾನು ಬಸ್ಸಿನಲ್ಲಿಯೇ ಹೋಗಿಬರುತ್ತಿದ್ದೆ. ಒಮ್ಮೆ ಆ ಕಟ್ಟೆಯ ಮುಂದೆ ಸೈಕಲ್ಲಿನ ಮೇಲೆ ಕುಳಿತೇ ದಾಟಬೇಕೆಂದು ನಿಶ್ಚಯಿಸಿದೆ. ದಾಟಿದರೆ ಸರಿ. ಅಲ್ಲಿ ಬಿದ್ದೆನೋ, 'ಒಂದಿಲ್ಲ ಒಂದಿನ ಬೀಳಾಕಿನ' ಎಂಬ ಅವರ ಮಾತು ಸತ್ಯವಾಗುತ್ತಿತ್ತು. ಅದನ್ನು ನಾನು ಸಾಯುವ ತನಕ ಹೊರಬೇಕಾಗುತ್ತಿತ್ತು.

ಚಳಿಗಾಲದ ಬೆಳಗು. ಹೊಲಗಳಲ್ಲಿ ಕಡಲೆ ಹಸಿರಾಗಿತ್ತು, ಬಿಳಿಜೋಳ ತೆನೆಗಟ್ಟಿತ್ತು. ನಾನೂ ತರುಣಿಯೂ ದಾರಿಯ ಮೇಲಿನ ಸೊರಟೂರಿನಲ್ಲಿ ಚಹಾ ಕುಡಿದೆವು. ನನಗೆ ಅದರ ರುಚಿಯೇ ತಿಳಿಯಲಿಲ್ಲ. ಶಿರಹಟ್ಟಿಯ ನಮ್ಮ ಓಣಿಗೆ ತಿರುಗಿದಾಗ ತರುಣಿ ಹಿಂದುಳಿದಳು. ಕಾಕಾ ಕಟ್ಟೆಯ ಮೇಲಿದ್ದರು. ಒಬ್ಬರೇ. ಶಾಲು ಹೊದ್ದು, ಬಡಿಗೆಯನ್ನು ಮೊಣಕಾಲಿಗೆ ಆನಿಸಿಕೊಂಡು.

"ಯಾರವಾ ಅದು?"

"ನಾನ್ರಿ ಕಾಕಾ. ನಿಮ್ಮ ಅಣ್ಣನ ಮಗಳು."

"ಇಳೀ ಕೆಳಗ!"

ಅದೇ ಮಾತು. ದನಿ ಸಣ್ಣದಾಗಿತ್ತು, ಆದರೆ ಅದೇ ಮಾತು. ನನ್ನ ಎಡಮೊಣಕಾಲು ಮೇಲೇಳತೊಡಗಿತು. ಬೂಟು ಅದನ್ನು ಹಿಡಿದೆಳೆಯಿತು. ಸೈಕಲ್ಲು ಒಂದು ಸಲ ಹೊಯ್ದಾಡಿತು. ಆ ಕ್ಷಣದಲ್ಲಿ ನಾನು ಬಾಯಿ ತೆರೆದೆ.

"ನಮಸ್ಕಾರ್ರಿ ಕಾಕಾ! ಇಳಿಯಾಕ ಬರಂಗಿಲ್ರಿ, ಕಾಲು ಕಚ್ಕೊಂಡೈತಿ!"

ಕಾಲು ಕೆಳಗಿಳಿಯಿತು, ಪೆಡಲಿನ ಜೊತೆಗೇ, ತಿರುಗುತ್ತ. ಕಟ್ಟೆ ಹಿಂದಾಯಿತು. ತಮ್ಮನ ಬಾಗಿಲ ಮುಂದೆ ಹಿಮ್ಮಡಿಯನ್ನು ಹೊರಗೆ ತಿರುಗಿಸಿದೆ. 'ಟಕ್' ಎಂದು ಬಿಟ್ಟುಕೊಟ್ಟಿತು. ನೆಲದ ಮೇಲೆ ನನ್ನ ಕಾಲಿತ್ತು, ನಾನು ನಿಂತಿದ್ದೆ. ಎದೆಯ ಮೇಲಿಂದ ಬೀಸುಕಲ್ಲನ್ನು ಎತ್ತಿಟ್ಟಂತಾಯಿತು. ಬಾಗಿಲಿಗೆ ಬಂದ ತಮ್ಮ, "ಯಾಕ ಅಕ್ಕಾ, ಅಳಾಕ ಹತ್ತೀಯಲ್ಲ?" ಎಂದ. ಗಾಳಿಗೆ ಕಣ್ಣಲ್ಲಿ ನೀರು ಬಂದಿದೆ ಎಂದೆ. ಆ ದಿನ ಗಾಳಿ ಇರಲಿಲ್ಲ.

ಹಿರಿಯರಿಗೆ ಸಲ್ಲಬೇಕಾದದ್ದನ್ನು ನಾನು ಬಾಕಿ ಇಡುವವಳಲ್ಲ. ನೀರು ಕುಡಿದು, ಅದೇ ಬೂಟಿನಲ್ಲಿ ಕಲ್ಲುಹಾಸಿನ ಮೇಲೆ ಟಕಟಕ ನಡೆದುಹೋಗಿ ಕಾಕಾನ ಕಾಲು ಮುಟ್ಟಿದೆ.

"ಏನವಾ ಇದು, ಕುದರಿಗತೆ ಲಾಳ ಬಡಿಸ್ಕೊಂಡೀಯಲ್ಲ?"

"ಹೂಂನ್ರಿ. ಯಾರರ ಇಳೀ ಅಂದ್ರ ಇಳಿಬಾರ್ದಂತ ಬಡಿಸ್ಕೊಂಡೀನಿ."

ಅವರು ಕೆಮ್ಮು ಬರುವ ತನಕ ನಕ್ಕರು. "ನಾ ಯಾವಾಗ ಇಳಿಸಿದ್ನೆವಾ ನಿನ್ನ?"

ಹೇಳಿದೆ. ನೇರಳೆ ಲಂಗದಿಂದ ಹಿಡಿದು ಬೀಸುವ ಕಲ್ಲು ನಿಂತದ್ದರ ವರೆಗೆ, ಯಾರು ಯಾರು ಯಾವ ಬದಿಗೆ ಕುಳಿತು ನಕ್ಕರೆಂಬುದನ್ನೂ ಬಿಡದೆ ಹೇಳಿದೆ. ಅವರು ಕಿವಿಗೆ ಕೈ ಹಚ್ಚಿಕೊಂಡು ಕೊನೆಯವರೆಗೆ ಕೇಳಿದರು. ಬಡಿಗೆಯ ತುದಿಯಿಂದ ನೆಲ ಕೆದರಿದರು.

"ಅವತ್ತ ಬಿದ್ದಿದ್ದೇನು ನೀ?"

"ಇಲ್ರಿ."

"ಬಿದ್ದಿರಲಿಲ್ಲ... ಮತ್ಯಾಕ ಇಳಿಸಿದ್ನೆ?"

ನನ್ನನ್ನು ಕೇಳಿದ್ದಲ್ಲ ಅದು. ನಾನು ಅಷ್ಟು ವರ್ಷ ಮನಸ್ಸಿನಲ್ಲಿ ಅವರನ್ನು ಕೇಳುತ್ತ ಬಂದ ಪ್ರಶ್ನೆಯನ್ನು ಅವರೇ ಕೇಳಿಕೊಂಡರು, ನನ್ನ ಮುಖ ನೋಡಿದರು. ನಾನು ಕ್ಷಮಿಸಿಬಿಟ್ಟೆನೆಂದು ಯಾರೂ ತಿಳಿಯಬಾರದು. ಆದರೆ ಆ ಮಾತನ್ನು ಇನ್ನು ಮೇಲೆ ನಾನೊಬ್ಬಳೇ ಹೊತ್ತು ತಿರುಗಬೇಕಾಗಿರಲಿಲ್ಲ.

ಹೊರಡುವಾಗ ಅವರು, "ಇಲ್ಲೇ ಹತ್ತು, ನೋಡ್ತೀನಿ" ಎಂದರು. ಅವರ ಕಟ್ಟೆಯ ಮುಂದೆಯೇ ಹತ್ತಿದೆ. ಎರಡೂ ಬೂಟುಗಳು ಟಕ್ ಟಕ್ ಎಂದು ಕಚ್ಚಿದವು. "ಹಾಂ, ಆತು" ಎಂದರು.

ಮರಳುವಾಗ ಸೊರಟೂರಿನ ಕಟ್ಟೆಯ ಮೇಲೆ ಅಜ್ಜಂದಿರು ಬಿಸಿಲು ಕಾಯಿಸುತ್ತ ಸಾಲಾಗಿ ಕುಳಿತಿದ್ದರು. ಹಿಂದಿನಿಂದ ತರುಣಿ ಕೂಗಿದಳು, "ಅಕ್ಕೋರ, ಹುಷಾರ್ರಿ, ಹಿರ್‍ಯಾರು ಅದಾರ!" ನಾನು ಎಡಗಾಲನ್ನು ಗಮನಿಸಿದೆ. ಅದು ತನ್ನ ಪಾಡಿಗೆ ತುಳಿಯುತ್ತಿತ್ತು.

"ನಮಸ್ಕಾರ್ರಿ ಎಲ್ಲಾರಿಗೂ" ಎಂದೆ.

"ಹೋಗಿ ಬಾರವಾ" ಎಂದರು ಯಾರೋ.