ವಿಷಗಾಳಿಯ ಮೇಷ್ಟ್ರು
ಸಿಂಧನೂರಿನ ಅಗ್ನಿಶಾಮಕ ಠಾಣೆಗೆ ಹೊಸಬರಾಗಿ ಸೇರಿದ್ದ ನಮಗೆ, ವಿಷಾನಿಲ ಸೋರಿದಾಗ ಏನು ಮಾಡಬೇಕೆಂದು ಕಲಿಸಿದವರು ಒಬ್ಬ ಹಿರಿಯರು. ಯಾವ ಪಾಠವಿದ್ದರೂ ಹಿಡಿ ಮಣ್ಣು ತೂರಿ, "ಓಡಬ್ಯಾಡ್ರಿ, ಮೊದ್ಲ ಗಾಳಿ ನೋಡ್ರಿ" ಅನ್ನುತ್ತಿದ್ದರು. ನಮಗೆ ನಗು ಬರುತ್ತಿತ್ತು.

ಮಸ್ಕಿ ಹತ್ತಿರದ ನೀರು ಶುದ್ಧೀಕರಣ ಘಟಕದಲ್ಲಿ ಕ್ಲೋರಿನ್ ಸಿಲಿಂಡರ್ ಸೋರಿದ ದಿನ ನಾವು ನೇರ ಬಾಗಿಲಿಗೇ ಓಡಿದೆವು. ಅವರು ತಡೆದು ಮಣ್ಣು ತೂರಿದರು. ಧೂಳು ಪಕ್ಕದ ಮನೆಗಳ ಕಡೆ ಹಾರಿತು.

"ಮೊದ್ಲ ಆ ಮಂದೀನ ಗಾಳಿ ದಾರಿ ಬಿಡಿಸಿ ಪಕ್ಕಕ್ಕ ಕರಕೊಂಡು ಹೋಗ್ರಿ!"

ಮನೆಗಳು ಖಾಲಿಯಾದ ಮೇಲೆ ಮಾಸ್ಕ್ ತೊಟ್ಟು, ನನ್ನನ್ನೂ ಜೊತೆಗೆ ಕರೆದುಕೊಂಡು ಒಳಹೊಕ್ಕರು. ಆ ಹಳದಿ ಮಬ್ಬಿನಲ್ಲಿ ಅವರ ಕೈ, ಅಡುಗೆಮನೆಯ ನಲ್ಲಿ ತಿರುಗಿಸುವಷ್ಟೇ ಸಮಾಧಾನದಿಂದ ವಾಲ್ವ್ ಮುಚ್ಚಿತು. ನಾನು ಬೆರಗಾಗಿ ನಿಂತೆ.

ಹೊರಗೆ ಬಂದಾಗ ಅದೇ ಕೈ ಗಡಗಡ ನಡುಗುತ್ತಿತ್ತು. ಅವರು ಬಚ್ಚಿಡಲಿಲ್ಲ, ನಮ್ಮೆಲ್ಲರ ಮುಂದೆ ಚಾಚಿದರು.

"ನೋಡ್ರಿ, ಅಂಜಿಕಿ ನನಗೂ ಐತಿ. ಕೆಲಸ ಮುಗಿಯೂತನಕ ತಡಿ ಅಂತ ಅದಕ್ಕ ಹೇಳಿದ್ದೆ, ಅಷ್ಟ."